ಚಪ್ಪಲಿ ಯಾವುದು, ಶೂ ಯಾವುದು: ನಾಯಿ ನಮ್ಮನ್ನು ಓದುವ ಬಗೆ

ನಮ್ಮ ಮನೆಯ ಚಿನ್ನಿ ನನ್ನ ಕಾಲು ನೋಡಿಯೇ ಆ ಹೊತ್ತಿನ ಲೆಕ್ಕ ಹಾಕುತ್ತದೆ. ನಾನು ಹಳೇ ಚಪ್ಪಲಿ ಮೆಟ್ಟಿದರೆ ಬಾಗಿಲ ಹತ್ತಿರ ಓಡಿ ಬಂದು ಗಿರಗಿರ ಸುತ್ತುತ್ತದೆ. ಸಾಕ್ಸ್ ಕೈಗೆ ತಗೊಂಡರೆ ಮಾತ್ರ ಒಂದು ದೊಡ್ಡ ಉಸಿರು ಬಿಟ್ಟು ತನ್ನ ಚಾಪೆಗೆ ಹೋಗಿ ಮಲಗುತ್ತದೆ. ಅಷ್ಟು ಹೊತ್ತಿಗೆ ನನ್ನ ಬಾಯಿಂದ ಒಂದು ಮಾತೂ ಹೊರಟಿರುವುದಿಲ್ಲ. ಚಪ್ಪಲಿ ಅಂದರೆ ಸುತ್ತಾಟ, ಶೂ ಅಂದರೆ ಕೆಲಸ. ಇದನ್ನು ನಾನು ಅದಕ್ಕೆ ಕಲಿಸಿದವನಲ್ಲ.

ಒಂದು ದಿನ ಶೂ ಒದ್ದೆಯಾಗಿತ್ತು, ಚಪ್ಪಲಿಯಲ್ಲೇ ಕೆಲಸಕ್ಕೆ ಹೊರಟೆ. ಚಿನ್ನಿ ಎಂದಿನಂತೆ ಬಾಗಿಲಿಗೆ ಓಡಿ ಬಂತು. ಎರಡು ಸುತ್ತು ಹಾಕಿ ಗಕ್ಕನೆ ನಿಂತಿತು. ನನ್ನ ಹೆಗಲಿನ ಬ್ಯಾಗ್ ನೋಡಿತು, ಮತ್ತೆ ಕಾಲು ನೋಡಿತು. ಆಮೇಲೆ ಬಾಲ ಇಳಿಸಿಕೊಂಡು ಚಾಪೆಗೆ ಹೋಯಿತು. ಎರಡು ಗುರುತು ಒಂದಕ್ಕೊಂದು ತಾಳೆಯಾಗದಿದ್ದಾಗ ಯಾವುದನ್ನು ನಂಬಬೇಕು ಅನ್ನುವುದನ್ನೂ ಅದು ಅಳೆದು ನೋಡಿತ್ತು ಅಂತ ನನಗೆ ಅನ್ನಿಸಿತು.

ನಾಯಿ ಸಾಕಿದವರ ಹತ್ತಿರ ಇಂಥ ಕಥೆಗಳಿಗೆ ಬರವಿಲ್ಲ. "ನಮ್ಮ ನಾಯಿಗೆ ಎಲ್ಲಾ ಅರ್ಥ ಆಗುತ್ತೆ, ಮಾತು ಒಂದು ಬರಲ್ಲ ಅಷ್ಟೇ" ಅಂತ ಎಲ್ಲರೂ ಹೇಳುತ್ತೇವೆ. ನಿಜವಾಗಿ ಅದಕ್ಕೆ ಅರ್ಥ ಆಗುವುದು ಏನು? ಕಳೆದ 30 ವರ್ಷಗಳಲ್ಲಿ ಈ ಪ್ರಶ್ನೆಯನ್ನು ಹಿಡಿದು ಕೂತ ವಿಜ್ಞಾನಿಗಳು ಒಂದೊಂದೇ ಎಳೆ ಬಿಡಿಸಿದ್ದಾರೆ. ಅದನ್ನೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಒಗಟು ಬಿಡಿಸುವುದರಲ್ಲಿ ನಾಯಿ ಅಂಥ ಜಾಣ ಪ್ರಾಣಿಯೇನಲ್ಲ. ಆದರೆ ಮನುಷ್ಯರನ್ನು ಓದುವುದರಲ್ಲಿ ಅದನ್ನು ಮೀರಿಸುವ ಪ್ರಾಣಿ ಸಿಗುವುದು ಕಷ್ಟ.

ಮೊದಲು ಚಪ್ಪಲಿಯ ವಿಷಯ. ಇದರ ಹಿಂದೆ ಇರುವುದು ಎಲ್ಲ ಪ್ರಾಣಿಗಳಿಗೂ ಇರುವ ಸರಳ ಕಲಿಕೆಯೇ. ಒಂದರ ಹಿಂದೆ ಇನ್ನೊಂದು ಮತ್ತೆ ಮತ್ತೆ ಬಂದರೆ, ಮೊದಲನೆಯದು ಕಂಡಾಗಲೇ ಎರಡನೆಯದಕ್ಕೆ ಮೈ ಸಿದ್ಧವಾಗುತ್ತದೆ. "ಅಯ್ಯೋ, ಅದು ಬರೀ ಅಭ್ಯಾಸ" ಅಂತ ಕೆಲವರು ತಳ್ಳಿಹಾಕುತ್ತಾರೆ. ಆದರೆ ಸ್ವಲ್ಪ ಯೋಚನೆ ಮಾಡಿ. ಮನೆಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಸಾವಿರ ಚಲನೆ, ಸಾವಿರ ಸದ್ದು. ಬೀರು ತೆಗೆಯುತ್ತೇವೆ, ಫೋನ್ ಇಡುತ್ತೇವೆ, ಕುರ್ಚಿ ಎಳೆಯುತ್ತೇವೆ. ಅದರಲ್ಲಿ ತನಗೆ ಬೇಕಾದ ಒಂದೇ ಒಂದು ಗುರುತನ್ನು, ಯಾರೂ ಹೇಳಿಕೊಡದೆ, ಹೆಕ್ಕಿ ತೆಗೆಯಬೇಕು. ಅದಕ್ಕೆ ದಿನವಿಡೀ ನಮ್ಮ ಮೇಲೆ ಒಂದು ಕಣ್ಣು ಇಟ್ಟಿರಬೇಕು. ನಾಯಿ ನಿದ್ದೆ ಮಾಡುತ್ತಿದೆ ಅಂತ ನಾವು ಅಂದುಕೊಂಡ ಹೊತ್ತಿನಲ್ಲೂ ಅದರ ಒಂದು ಕಿವಿ ನಮ್ಮ ಕಡೆಗೇ ತಿರುಗಿರುತ್ತದೆ.

ಈಗ ಇನ್ನೊಂದು ದೃಶ್ಯ. ಚಿನ್ನಿಯ ಚೆಂಡು ಮಂಚದ ಕೆಳಗೆ ಉರುಳಿ ಹೋಗುತ್ತದೆ. ಅದು ಮೂತಿ ತೂರಿಸುತ್ತದೆ, ಮುಂಗಾಲು ಚಾಚುತ್ತದೆ. ಸಿಗುವುದಿಲ್ಲ. ಆಗ ಹಿಂದೆ ಸರಿದು ಕೂತು ನನ್ನ ಮುಖ ನೋಡುತ್ತದೆ. ನಂತರ ಮಂಚದ ಕೆಳಗೆ ನೋಡುತ್ತದೆ. ಮತ್ತೆ ನನ್ನ ಮುಖ. ನಾನು ಎದ್ದು ಕೋಲು ತರುವವರೆಗೂ ಇದು ನಡೆಯುತ್ತದೆ.

ನೋಡಲು ಸಣ್ಣ ಸಂಗತಿ, ಅಲ್ವಾ? ಆದರೆ ಇದೇ ನೋಟದ ಮೇಲೆ ಒಂದು ಹೆಸರಾಂತ ಪ್ರಯೋಗ ನಡೆದಿದೆ. ಹಂಗೇರಿಯ ಬುಡಾಪೆಸ್ಟ್‌ನಲ್ಲಿರುವ ಏಟ್ವೆಶ್ ಲೋರಾಂಡ್ ವಿಶ್ವವಿದ್ಯಾಲಯದಲ್ಲಿ 1994ರಿಂದ ಮನೆ ನಾಯಿಗಳ ನಡವಳಿಕೆಯನ್ನೇ ಅಧ್ಯಯನ ಮಾಡುವ ಒಂದು ತಂಡವಿದೆ. ಆ ತಂಡದ ಆಡಂ ಮಿಕ್ಲೋಶಿ ಮತ್ತು ಜೊತೆಗಾರರು ನಾಯಿಗಳನ್ನೂ, ಮರಿಗಳಾಗಿದ್ದಾಗಿನಿಂದ ಮನುಷ್ಯರೇ ಕೈತುತ್ತು ಕೊಟ್ಟು ಸಾಕಿದ ತೋಳಗಳನ್ನೂ ಒಂದೇ ಪರೀಕ್ಷೆಗೆ ಒಡ್ಡಿದರು. ಮೊದಲು ಸುಲಭದ ಕೆಲಸ: ಮುಚ್ಚಳ ತೆಗೆದರೆ, ಹಗ್ಗ ಎಳೆದರೆ ಮಾಂಸ ಸಿಗುತ್ತದೆ. ಎರಡೂ ಪ್ರಾಣಿಗಳು ಕಲಿತವು. ಆಮೇಲೆ ಯಾರಿಗೂ ತಿಳಿಯದಂತೆ ಅದನ್ನು ಬಿಗಿಯಾಗಿ ಕಟ್ಟಿಬಿಟ್ಟರು. ಎಷ್ಟು ಗುದ್ದಾಡಿದರೂ ಮಾಂಸ ಕೈಗೆ ಸಿಗದು. ತೋಳಗಳು ಗುದ್ದಾಡುತ್ತಲೇ ಇದ್ದವು. ನಾಯಿಗಳು ಬೇಗನೆ ನಿಲ್ಲಿಸಿ, ಹಿಂದೆ ನಿಂತಿದ್ದ ತಮ್ಮ ಮನುಷ್ಯನ ಮುಖ ನೋಡಿದವು. ಈ ಸಂಶೋಧನೆ 2003ರಲ್ಲಿ ಪ್ರಕಟವಾಯಿತು.

ನಾಯಿ ಸುಮ್ನೆ ಕೈಚೆಲ್ಲಿತು, ತೋಳವೇ ಛಲಗಾರ ಅಂತಲೂ ಇದನ್ನು ಓದಬಹುದು. ನಾನು ಹಾಗೆ ಓದುವುದಿಲ್ಲ. ತೋಳ ಬದುಕುವುದು ಕಾಡಿನಲ್ಲಿ, ಅಲ್ಲಿ ಅದರ ಹಲ್ಲೇ ಅದಕ್ಕೆ ಆಸರೆ. ನಾಯಿ ಬದುಕುವುದು ಬಾಗಿಲು, ಡಬ್ಬಿ, ಚಿಲಕಗಳ ನಡುವೆ. ಇವೆಲ್ಲ ಕೈಬೆರಳು ಇರುವವರಿಗೆ ಮಾಡಿದ ವಸ್ತುಗಳು. ಬೆರಳಿಲ್ಲದ ಪ್ರಾಣಿಗೆ ಬೆರಳಿರುವವನನ್ನು ಎಬ್ಬಿಸುವುದೇ ಸರಿಯಾದ ಉಪಾಯ.

ಈ ಕೊಡು-ಕೊಳ್ಳುವಿಕೆಯ ಇನ್ನೊಂದು ತುದಿ ನಮ್ಮ ಬೆರಳು. ಎರಡು ಬಟ್ಟಲು ಬೋರಲು ಹಾಕಿ, ಒಂದರ ಕೆಳಗೆ ತಿಂಡಿ ಬಚ್ಚಿಟ್ಟು, ಬೆರಳು ತೋರಿಸಿ. ನಾಯಿ ತೋರಿಸಿದ ಬಟ್ಟಲಿಗೇ ಹೋಗುತ್ತದೆ. ನಮ್ಮ ಹತ್ತಿರದ ನೆಂಟ ಚಿಂಪಾಂಜಿ ಈ ಸುಲಭದ ಪರೀಕ್ಷೆಯಲ್ಲಿ ಎಷ್ಟೋ ಸಲ ತಪ್ಪುತ್ತದೆ. ಅಮೆರಿಕದ ವಿಜ್ಞಾನಿ ಬ್ರಯನ್ ಹೇರ್ ಮತ್ತು ಜೊತೆಗಾರರು 2002ರಲ್ಲಿ ಇದನ್ನು ಪ್ರಕಟಿಸಿದಾಗ ಪ್ರಾಣಿಗಳ ಬುದ್ಧಿಯ ಬಗ್ಗೆ ಕೆಲಸ ಮಾಡುತ್ತಿದ್ದವರು ಬೆರಗಾದರು. ಜಾಣತನದ ಸಾಲಿನಲ್ಲಿ ನಾಯಿಯನ್ನು ಅಲ್ಲಿಯವರೆಗೆ ಯಾರೂ ಅಷ್ಟು ಮುಂದೆ ನಿಲ್ಲಿಸಿರಲಿಲ್ಲ.

"ಮೂಸಿ ಕಂಡುಹಿಡಿದಿರಬಹುದಲ್ವಾ?" ಅಂತ ನಿಮಗೆ ಅನ್ನಿಸಿದರೆ, ಅದು ಸರಿಯಾದ ಅನುಮಾನ. ಅದಕ್ಕೇ ಸಂಶೋಧಕರು ನಡುನಡುವೆ ಬೆರಳು ತೋರಿಸದೆ ಸುಮ್ಮನೆ ನಿಲ್ಲುತ್ತಾರೆ. ಆಗ ನಾಯಿ ಒಮ್ಮೆ ಸರಿ, ಒಮ್ಮೆ ತಪ್ಪು, ನಾಣ್ಯ ಚಿಮ್ಮಿದ ಹಾಗೆ. ಅಂದರೆ ಆ ಹೊತ್ತಿನಲ್ಲಿ ಅದು ತನ್ನ ಮೂಗಿಗಿಂತ ನಮ್ಮ ಬೆರಳನ್ನೇ ನೆಚ್ಚಿಕೊಂಡಿರುತ್ತದೆ.

ಇದು ಮನೆಯಲ್ಲಿ ಬೆಳೆದು ಕಲಿತದ್ದೋ, ಹುಟ್ಟಿನಿಂದ ಬಂದದ್ದೋ? ಇಲ್ಲಿ ವಿಷಯ ಸ್ವಾರಸ್ಯವಾಗುತ್ತದೆ. ಅಮೆರಿಕದಲ್ಲಿ ಎಮಿಲಿ ಬ್ರೇ ಮತ್ತು ತಂಡ 375 ಮರಿಗಳನ್ನು ಪರೀಕ್ಷೆ ಮಾಡಿತು. ಎಲ್ಲವೂ ಸುಮಾರು 8 ವಾರದವು, ಇನ್ನೂ ಒಡಹುಟ್ಟುಗಳ ಜೊತೆಗೇ ಇದ್ದವು, ಮನುಷ್ಯರ ಜೊತೆ ಒಂಟಿಯಾಗಿ ಕಳೆದ ಹೊತ್ತು ಬಹಳ ಕಡಿಮೆ. ಆದರೂ ಬೆರಳಿನ ಸನ್ನೆಯನ್ನು ಹಿಡಿದವು. ಮರಿಯಿಂದ ಮರಿಗೆ ಇದ್ದ ವ್ಯತ್ಯಾಸದಲ್ಲಿ ಶೇ. 40ಕ್ಕೂ ಜಾಸ್ತಿ ಪಾಲು ವಂಶವಾಹಿಯಿಂದ ಬಂದದ್ದು ಅಂತ 2021ರಲ್ಲಿ ವರದಿ ಮಾಡಿದರು.

ನನಗೆ ಇದಕ್ಕಿಂತ ಹಿಡಿಸಿದ್ದು ಬೀದಿನಾಯಿಗಳ ಮೇಲೆ ನಡೆದ ಕೆಲಸ. ಕೋಲ್ಕತ್ತದಲ್ಲಿರುವ ವಿಜ್ಞಾನ ಶಿಕ್ಷಣ, ಸಂಶೋಧನೆಯ ಸಂಸ್ಥೆ ಐಸರ್‌ನ ಅನಿಂದಿತಾ ಭದ್ರಾ ಅವರ ತಂಡ ಭಾರತದ ಬೇರೆ ಬೇರೆ ಊರುಗಳ ಬೀದಿಯಲ್ಲಿ ಒಂಟಿಯಾಗಿದ್ದ 160 ನಾಯಿಗಳ ಮುಂದೆ ಎರಡು ಬಟ್ಟಲು ಇಟ್ಟು ಬೆರಳು ತೋರಿಸಿತು. ಸುಮಾರು ಅರ್ಧದಷ್ಟು ನಾಯಿಗಳು ಹತ್ತಿರವೇ ಬರಲಿಲ್ಲ. ಮನುಷ್ಯರಿಂದ ಏನೇನು ಕಂಡಿದ್ದವೋ! ಆದರೆ ಬಂದವುಗಳಲ್ಲಿ ಸುಮಾರು ಶೇ. 80ರಷ್ಟು ತೋರಿಸಿದ ಕಡೆಗೇ ಹೋದವು. ಅವುಗಳಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. "ಜಾತಿ ನಾಯಿ ಮಾತ್ರ ಬುದ್ಧಿವಂತ" ಅನ್ನುವವರು ಈ ಸಂಶೋಧನೆಯನ್ನು ಒಮ್ಮೆ ನೋಡಬೇಕು. ಕಲ್ಲು ಹೊಡೆಯುವ ಕೈ ಯಾವುದು, ಅನ್ನ ಹಾಕುವ ಕೈ ಯಾವುದು ಅಂತ ದೂರದಿಂದಲೇ ಗುರುತಿಸದೆ ಬೀದಿನಾಯಿ ಬದುಕುವುದಾದರೂ ಹೇಗೆ?

ಈ ಗುಣ ಎಲ್ಲಿಂದ ಬಂತು ಅನ್ನುವುದಕ್ಕೆ ಒಂದು ಸುಳಿವು ರಷ್ಯಾದ ನೊವೊಸಿಬಿರ್ಸ್ಕ್‌ನ ನರಿಗಳಿಂದ ಸಿಕ್ಕಿದೆ. ದ್ಮಿತ್ರಿ ಬೆಲ್ಯಾಯೆವ್ ಅನ್ನುವ ವಿಜ್ಞಾನಿ 1959ರಲ್ಲಿ ಅಲ್ಲಿ ಒಂದು ಪ್ರಯೋಗ ಶುರುಮಾಡಿದರು. ಪ್ರತಿ ತಲೆಮಾರಿನಲ್ಲೂ ಮನುಷ್ಯರನ್ನು ಕಂಡರೆ ಹೆದರದ, ಕಚ್ಚದ ನರಿಗಳಿಂದ ಮಾತ್ರ ಮರಿ ಮಾಡಿಸುವುದು. ಬೇರೆ ಯಾವ ಗುಣವನ್ನೂ ಆರಿಸಲಿಲ್ಲ, ಬುದ್ಧಿಯನ್ನಂತೂ ಅಲ್ಲವೇ ಅಲ್ಲ. 2005ರಲ್ಲಿ ಬ್ರಯನ್ ಹೇರ್ ತಂಡ ಆ ಸಾಧು ನರಿಗಳ ಮರಿಗಳಿಗೆ ಬೆರಳಿನ ಪರೀಕ್ಷೆ ಕೊಟ್ಟಾಗ ಅವು ನಾಯಿಮರಿಗಳಷ್ಟೇ ಚೆನ್ನಾಗಿ ಮಾಡಿದವು. ಹೆದರಿಕೆ ಹೋದ ಕೂಡಲೇ ಗಮನಕ್ಕೆ ದಾರಿಯಾಯಿತು ಅಂತ ಇದನ್ನು ವಿವರಿಸುತ್ತಾರೆ. ಓಡಿಹೋಗಬೇಕೋ ಬೇಡವೋ ಅನ್ನುವ ಚಿಂತೆಯಲ್ಲೇ ಇರುವ ಪ್ರಾಣಿಗೆ ಎದುರಿಗಿರುವವರ ಬೆರಳು ಎತ್ತ ತೋರಿಸುತ್ತಿದೆ ಅಂತ ನೋಡಲು ಪುರುಸೊತ್ತು ಎಲ್ಲಿ? ಈ ವಾದ ಇನ್ನೂ ಮುಗಿದಿಲ್ಲ. ಚಿಕ್ಕಂದಿನಿಂದ ಜನರ ಜೊತೆ ಚೆನ್ನಾಗಿ ಬೆರೆತ ತೋಳಗಳೂ ಬೆರಳಿನ ಸನ್ನೆ ಹಿಡಿಯುತ್ತವೆ ಅಂತ ತೋರಿಸಿದವರಿದ್ದಾರೆ. ಹುಟ್ಟು ಗುಣ, ಒಡನಾಟ ಎರಡೂ ಸೇರಿದ್ದರಿಂದಲೇ ಇದು ಬಂದಿದೆ ಅನ್ನುವುದು ನನಗೆ ಒಪ್ಪುವ ಮಾತು.

ಇನ್ನು ಮಾತಿನ ವಿಷಯ. ಜರ್ಮನಿಯ ರಿಕೋ ಅನ್ನುವ, ಬಾರ್ಡರ್ ಕಾಲಿ ತಳಿಯ ನಾಯಿಗೆ ಸುಮಾರು 200 ವಸ್ತುಗಳ ಹೆಸರು ಗೊತ್ತಿತ್ತು. ಯೂಲಿಯಾನೆ ಕಾಮಿನ್ಸ್ಕಿ ಮತ್ತು ಜೊತೆಗಾರರು 2004ರಲ್ಲಿ ಅದರ ಬಗ್ಗೆ ಬರೆದರು. ಹೆಸರು ಬಾಯಿಪಾಠ ಮಾಡಿದ್ದು ದೊಡ್ಡದಲ್ಲ, ಅದು ಹೊಸ ಹೆಸರನ್ನು ಊಹಿಸಿದ ರೀತಿ ದೊಡ್ಡದು. ಪಕ್ಕದ ಕೋಣೆಯಲ್ಲಿ ಅದಕ್ಕೆ ಗೊತ್ತಿರುವ ಆಟಿಕೆಗಳ ನಡುವೆ ಒಂದು ಹೊಸದನ್ನು ಇಟ್ಟರು. ಆಮೇಲೆ ಅದು ಎಂದೂ ಕೇಳದ ಒಂದು ಹೆಸರು ಹೇಳಿ "ತಗೊಂಡು ಬಾ" ಅಂದರು. ರಿಕೋ ಹೋಗಿ ಹೊಸದನ್ನೇ ಕಚ್ಚಿಕೊಂಡು ಬಂತು. 10ರಲ್ಲಿ 7 ಸಲ ಹೀಗೆ ಸರಿಯಾಗಿ ತಂದಿತು. "ಉಳಿದವಕ್ಕೆಲ್ಲ ಹೆಸರಿದೆ, ಹಾಗಾದರೆ ಈ ಹೆಸರು ಇದರದ್ದೇ ಇರಬೇಕು": ನಮ್ಮ ಮಕ್ಕಳು ಹೊಸ ಪದ ಕಲಿಯುವಾಗ ಹಿಡಿಯುವ ದಾರಿಗಳಲ್ಲಿ ಇದೂ ಒಂದು. ಆಮೇಲೆ ಅಮೆರಿಕದ ಜಾನ್ ಪಿಲ್ಲಿ ಅನ್ನುವ ನಿವೃತ್ತ ಪ್ರಾಧ್ಯಾಪಕರು ತಮ್ಮ ಚೇಸರ್ ಅನ್ನುವ ನಾಯಿಗೆ 1,022 ಆಟಿಕೆಗಳ ಹೆಸರು ಕಲಿಸಿದರು. "ಮೂಗಿನಿಂದ ಮುಟ್ಟು", "ತಗೊ" ಅನ್ನುವ ಕ್ರಿಯೆಯನ್ನೂ ವಸ್ತುವಿನ ಹೆಸರನ್ನೂ ಅದು ಬೇರೆ ಬೇರೆಯಾಗಿ ಗುರುತಿಸುತ್ತಿತ್ತು. ಈ ಸಂಶೋಧನೆ 2011ರಲ್ಲಿ ಅಚ್ಚಾಯಿತು.

ಇಂಥ ನಾಯಿಗಳು ಅಪರೂಪ. ತಿಂಗಳುಗಟ್ಟಲೆ ಕಲಿಸಿದರೂ ಎರಡು ಆಟಿಕೆಗಳ ಹೆಸರು ಬೇರೆ ಮಾಡಲಾಗದ ನಾಯಿಗಳೇ ಜಾಸ್ತಿ. ನಮ್ಮ ಚಿನ್ನಿಯೂ ಆ ಪೈಕಿ. ಅದರಲ್ಲಿ ಬೇಸರ ಪಡುವಂಥದ್ದು ಏನೂ ಇಲ್ಲ.

ಸಾಮಾನ್ಯ ಮನೆ ನಾಯಿಯ ಕಿವಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಬುಡಾಪೆಸ್ಟ್‌ನ ಇನ್ನೊಂದು ಕೆಲಸದಿಂದ ತಿಳಿಯಿತು. ಅಟ್ಟಿಲಾ ಆಂಡಿಕ್ಸ್ ತಂಡ 13 ನಾಯಿಗಳಿಗೆ ಎಂ.ಆರ್.ಐ. ಯಂತ್ರದೊಳಗೆ ಅಲುಗಾಡದೆ ಮಲಗುವುದನ್ನು ಕಲಿಸಿತು. ಕಟ್ಟಿಹಾಕಲಿಲ್ಲ, ಮತ್ತಿನ ಮದ್ದೂ ಕೊಡಲಿಲ್ಲ. ಹೊಗಳಿಕೆಯ ಮಾತನ್ನು ಹೊಗಳುವ ದನಿಯಲ್ಲಿ ಕೇಳಿಸಿದರು. ಅದೇ ಮಾತನ್ನು ಸಪ್ಪೆ ದನಿಯಲ್ಲಿ ಕೇಳಿಸಿದರು. ಆಮೇಲೆ ನಾಯಿಗೆ ಅರ್ಥವೇ ಇಲ್ಲದ ಪದವನ್ನು ಹೊಗಳುವ ದನಿಯಲ್ಲಿ ಹೇಳಿದರು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ "ಜಾಣ ಮರಿ!" ಅನ್ನುವುದು ಒಂದು, "ಆದರೂ!" ಅನ್ನುವುದನ್ನು ಮುದ್ದು ಮಾಡುತ್ತಾ ಹೇಳುವುದು ಇನ್ನೊಂದು. ಮಿದುಳಿನಲ್ಲಿ ಖುಷಿಗೆ ಸಂಬಂಧಿಸಿದ ಭಾಗ ಚೆನ್ನಾಗಿ ಚುರುಕಾದದ್ದು ಮಾತು, ದನಿ ಎರಡೂ ಹೊಂದಿಕೊಂಡಾಗ ಮಾತ್ರ. "ನಾಯಿಗೆ ದನಿ ಒಂದೇ ಗೊತ್ತಾಗೋದು, ಏನು ಬೇಕಾದರೂ ಹೇಳಿ" ಅನ್ನುವ ನಂಬಿಕೆ 2016ರ ಈ ಸಂಶೋಧನೆಯ ಮುಂದೆ ನಿಲ್ಲುವುದಿಲ್ಲ.

ಕಣ್ಣು ಕಿವಿಗಳನ್ನು ಬಿಟ್ಟು ಮೂಗಿಗೆ ಬಂದರೆ, ಅದು ನಮಗೆ ಪ್ರವೇಶವಿಲ್ಲದ ಲೋಕ. ವಾಸನೆ ಹಿಡಿಯುವ ಕೋಶಗಳು ನಮ್ಮ ಮೂಗಿನಲ್ಲಿ 50–60 ಲಕ್ಷ, ನಾಯಿಯ ಮೂಗಿನಲ್ಲಿ 20 ಕೋಟಿಗೂ ಜಾಸ್ತಿ ಅಂತ ಲೆಕ್ಕ ಹೇಳುತ್ತಾರೆ. ಚಿನ್ನಿ ಮಲಗಿದ್ದಾಗ ಅದರ ಮೂಗನ್ನು ಹತ್ತಿರದಿಂದ ನೋಡಿದ್ದೇನೆ. ಹೊಳ್ಳೆಯ ಪಕ್ಕದಲ್ಲಿ ಸಣ್ಣ ಸೀಳು ಇದೆ. ಉಸಿರು ಹೊರಗೆ ಹೋಗುವುದು ಆ ಪಕ್ಕದ ಸೀಳಿನಿಂದ. ಹಾಗಾಗಿ ಬಿಟ್ಟ ಉಸಿರು ಮುಂದಿರುವ ವಾಸನೆಯನ್ನು ಚದುರಿಸಿ ಕೆಡಿಸುವುದಿಲ್ಲ, ಹೊಸ ಗಾಳಿ ಒಳಗೆ ಬರಲು ಅನುಕೂಲವೇ ಆಗುತ್ತದೆ.

ಆದರೆ ಮೂಗು ಚೆನ್ನಾಗಿದ್ದರೆ ಬುದ್ಧಿ ಅನ್ನಬಹುದೇ? ಒಂದು ಪರೀಕ್ಷೆ ಹೇಳುತ್ತೇನೆ. ಯಾರೋ ನಡೆದು ಹೋದ ಜಾಡು ನೆಲದ ಮೇಲಿದೆ. ನಾಯಿಯನ್ನು ಆ ಜಾಡಿಗೆ ಅಡ್ಡಲಾಗಿ ತಂದು ಬಿಡುತ್ತಾರೆ. ಅವರು ಎಡಕ್ಕೆ ಹೋದರೋ ಬಲಕ್ಕೆ ಹೋದರೋ ಅಂತ ಅದು ಹೇಳಬೇಕು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ನಡೆದ, 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತರಬೇತಿ ಪಡೆದ ನಾಯಿಗಳಿಗೆ ಇದಕ್ಕೆ 5 ಹೆಜ್ಜೆಗಳ ವಾಸನೆ ಸಾಕಾಯಿತು. ಇದು ಹೇಗೆ ಸಾಧ್ಯ? ಕೊನೆಯ ಹೆಜ್ಜೆ ಮೊದಲ ಹೆಜ್ಜೆಗಿಂತ ಎರಡು-ಮೂರು ಸೆಕೆಂಡ್ ಹೊಸದು, ಅಷ್ಟೇ. ಅಷ್ಟರಲ್ಲಿ ಆರಿಹೋದ ವಾಸನೆ ಎಷ್ಟಿದ್ದೀತು? ಆ ಕೂದಲೆಳೆಯ ವ್ಯತ್ಯಾಸವನ್ನು ಹೆಜ್ಜೆಯಿಂದ ಹೆಜ್ಜೆಗೆ ಹೋಲಿಸುತ್ತಾ ಹೋದರೆ ಮಾತ್ರ ದಿಕ್ಕು ಸಿಗುತ್ತದೆ. ಇದನ್ನು ಯೋಚನೆ ಅನ್ನದೆ ಬೇರೇನು ಅನ್ನಬೇಕೋ ನನಗೆ ತೋಚದು.

ಅದೇ ಊರಿನ ಕ್ವೀನ್ಸ್ ವಿಶ್ವವಿದ್ಯಾಲಯದವರು 2022ರಲ್ಲಿ ಇನ್ನೊಂದು ವಿಷಯ ಹೇಳಿದರು. 36 ಜನರಿಗೆ ಕಷ್ಟದ ಮನೋಗಣಿತ ಕೊಟ್ಟು, ಅದಕ್ಕೆ ಮುಂಚೆ ಮತ್ತು ಆದ ಮೇಲೆ ಅವರ ಬೆವರು, ಉಸಿರಿನ ಮಾದರಿ ತೆಗೆದರು. 4 ನಾಯಿಗಳು ಮೂಸಿ ನೋಡಿ, ಒತ್ತಡದಲ್ಲಿದ್ದಾಗ ತೆಗೆದ ಮಾದರಿ ಯಾವುದು ಅಂತ ಶೇ. 93.75ರಷ್ಟು ಸಲ ಸರಿಯಾಗಿ ತೋರಿಸಿದವು. ನೀವು ಕೆಲಸದಿಂದ ಬಂದು ನಗುಮುಖ ಹೊತ್ತು ಕೂತರೂ ನಾಯಿ ಬಂದು ಮಂಡಿಗೆ ತಲೆ ಆನಿಸುತ್ತದಲ್ಲ, ಅದರ ಹಿಂದೆ ಹೀಗೂ ಒಂದು ಕಾರಣ ಇರಬಹುದು.

ನಾಯಿ ನಮ್ಮನ್ನು ಇಷ್ಟು ಚೆನ್ನಾಗಿ ಓದುತ್ತದೆ. ನಾವು ಅದನ್ನು ಓದುವುದು ಎಷ್ಟು ಸರಿ? ನಾನೇ ತಪ್ಪು ಮಾಡಿದ್ದೇನೆ. ಒಂದು ಸಂಜೆ ಮನೆಗೆ ಬಂದಾಗ ಕಿಟಕಿ ಹತ್ತಿರದ ಹೂಕುಂಡ ಬಿದ್ದು ಒಡೆದಿತ್ತು, ಮಣ್ಣೆಲ್ಲ ಚೆಲ್ಲಿತ್ತು. ಚಿನ್ನಿ ಕಿವಿ ಹಿಂದಕ್ಕೆ ಒತ್ತಿ, ಕಣ್ಣು ತಪ್ಪಿಸಿ, ಬಾಲ ಮಡಚಿಕೊಂಡು ಮೂಲೆಯಲ್ಲಿ ಕೂತಿತ್ತು. "ಮಾಡಿದ್ದು ಗೊತ್ತಿದೆ ಇದಕ್ಕೆ" ಅಂತ ಜೋರಾಗಿ ಬೈದೆ. ಆಮೇಲೆ ನೋಡಿದರೆ ಕಿಟಕಿಯ ಅಗಳಿ ಹಾಕಿರಲಿಲ್ಲ. ಪರದೆಯೂ ಕಳಚಿ ಬಿದ್ದಿತ್ತು. ಚಿನ್ನಿಯ ಕಾಲಿಗೆ ಒಂದು ಚೂರೂ ಮಣ್ಣು ಹತ್ತಿರಲಿಲ್ಲ. ಗಾಳಿ ಮಾಡಿದ ಕೆಲಸ ಅದು.

ನ್ಯೂಯಾರ್ಕ್‌ನ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಇದನ್ನೇ 14 ನಾಯಿಗಳ ಜೊತೆ ಪರೀಕ್ಷಿಸಿದರು. ಮಾಲೀಕರು "ತಿನ್ನಬೇಡ" ಅಂತ ಹೇಳಿ ಹೊರಗೆ ಹೋಗುತ್ತಿದ್ದರು. ತಿಂಡಿ ಕೆಲವು ಸಲ ನಾಯಿಯ ಬಾಯಿಗೆ ಹೋಗುತ್ತಿತ್ತು, ಕೆಲವು ಸಲ ಹೋಗುತ್ತಿರಲಿಲ್ಲ. ಆದರೆ ನಾಯಿ ತಿಂದಿತೋ ಇಲ್ಲವೋ ಅಂತ ಮಾಲೀಕರಿಗೆ ಹೇಳುತ್ತಿದ್ದುದು ಕೆಲವು ಸಲ ಸುಳ್ಳಾಗಿರುತ್ತಿತ್ತು. ತಪ್ಪಿತಸ್ಥ ಮುಖ ಕಾಣಿಸಿದ್ದು ಬೈಸಿಕೊಂಡ ನಾಯಿಗಳಲ್ಲಿ. ತಿಂದಿದ್ದವೋ ಇಲ್ಲವೋ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ. ಏನೂ ಮಾಡದೆ ಬೈಸಿಕೊಂಡವು ಇನ್ನೂ ಜಾಸ್ತಿ ಮುದುಡಿದವು. ಆ ಮುಖದ ಅರ್ಥ "ನೀನು ಸಿಟ್ಟಾಗಿದ್ದೀಯ, ಶಾಂತವಾಗು" ಅಂತ. ನಾವು ಅದನ್ನು ತಪ್ಪೊಪ್ಪಿಗೆ ಅಂತ ಓದುತ್ತೇವೆ. ಅವತ್ತು ಚಿನ್ನಿ ಬಹುಶಃ ಬಾಗಿಲಲ್ಲಿ ನಿಂತ ನನ್ನ ಮುಖ ನೋಡಿಯೇ ಮುದುಡಿತ್ತು. ಗಂಟೆಗಳ ನಂತರ ಬೈದರೆ ನಾಯಿಗೆ ಯಾವುದಕ್ಕೆ ಬೈದರು ಅಂತ ತಿಳಿಯುವುದಿಲ್ಲ, ಹೆದರಿಕೆ ಮಾತ್ರ ಉಳಿಯುತ್ತದೆ. ಆ ದಿನದ ನಂತರ ನಾನು ಹಾಗೆ ಬೈದಿಲ್ಲ.

ಹಾಗಂತ ನಾಯಿ ಕದಿಯುವುದೇ ಇಲ್ಲ ಅಂತಲ್ಲ! ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು 2003ರಲ್ಲಿ ತೋರಿಸಿದಂತೆ, ಬೇಡ ಅಂದ ತಿಂಡಿಯನ್ನು ನಾಯಿ ಎತ್ತುವುದು ನಾವು ಬೆನ್ನು ತಿರುಗಿಸಿದಾಗ, ಕೋಣೆಯಿಂದ ಹೊರಗೆ ಹೋದಾಗ, ಅಷ್ಟೇಕೆ, ಎದುರಿಗೇ ಕಣ್ಣು ಮುಚ್ಚಿ ಕೂತಾಗ ಜಾಸ್ತಿ. ನಮ್ಮ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಅನ್ನುವುದೂ ಅದರ ಲೆಕ್ಕದಲ್ಲಿ ಸೇರಿದೆ.

ಸೋಲುವ ಕಡೆಗಳನ್ನೂ ಹೇಳಬೇಕು. ಎರಡು ದಾರ ಒಂದರ ಮೇಲೊಂದು ಅಡ್ಡ ಹಾಯ್ದಿದ್ದು, ಒಂದರ ತುದಿಗೆ ತಿಂಡಿ ಕಟ್ಟಿದ್ದರೆ, ಯಾವ ದಾರ ಎಳೆಯಬೇಕು ಅಂತ ನಾಯಿಗೆ ಹೊಳೆಯುವುದಿಲ್ಲ. ತಿಂಡಿಗೆ ಹತ್ತಿರದ ತುದಿಯನ್ನೇ ಎಳೆಯುತ್ತದೆ. ಬೇಲಿಯ ಆಚೆ ಊಟ ಇಟ್ಟರೆ, ಸುತ್ತು ಹಾಕಿ ಹೋಗುವ ಬದಲು ಬೇಲಿಯನ್ನೇ ಕೆರೆಯುತ್ತಾ ನಿಲ್ಲುತ್ತದೆ. ಆದರೆ ಬುಡಾಪೆಸ್ಟ್ ತಂಡ 2001ರಲ್ಲಿ ಇದೇ ಬೇಲಿಯ ಪರೀಕ್ಷೆಗೆ ಒಂದು ಹಂತ ಸೇರಿಸಿತು. ಒಬ್ಬರು ನಾಯಿಯ ಕಣ್ಣೆದುರು ಬೇಲಿ ಸುತ್ತಿ ನಡೆದು ತೋರಿಸಿದರು. ಅಲ್ಲಿಯವರೆಗೆ ಪೇಚಾಡುತ್ತಿದ್ದ ನಾಯಿಗಳು ಬೇಗನೆ ದಾರಿ ಕಂಡುಕೊಂಡವು.

ಚಿನ್ನಿಗೆ ಈಗ ಹನ್ನೆರಡು ವರ್ಷ. ಕಿವಿ ಬಹುಪಾಲು ಹೋಗಿದೆ. "ಚಿನ್ನೀ" ಅಂತ ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಮೊದಮೊದಲು ನನಗೆ ಸಂಕಟವಾಗುತ್ತಿತ್ತು, ಮಾತೇ ನಿಂತುಹೋಯಿತಲ್ಲ ಅಂತ. ಆಮೇಲೆ ನೋಡಿದರೆ ಅದು ಅಷ್ಟರಲ್ಲೇ ತನ್ನ ಮಲಗುವ ಜಾಗ ಬದಲಿಸಿಕೊಂಡಿತ್ತು. ಮೂಲೆಯ ಚಾಪೆ ಬಿಟ್ಟು ಅಡುಗೆಮನೆಗೂ ಬಾಗಿಲಿಗೂ ನಡುವೆ, ನಾನು ಎಲ್ಲಿ ಓಡಾಡಿದರೂ ಕಾಲು ಕಾಣುವ ಜಾಗದಲ್ಲಿ ಮಲಗುತ್ತದೆ. ಈಗ ನಾನು ಕೈ ಸನ್ನೆಯಲ್ಲೇ ಮಾತಾಡುತ್ತೇನೆ. ನಿನ್ನೆ ಚೆಂಡು ಮತ್ತೆ ಉರುಳಿಹೋಯಿತು, ಈ ಸಲ ಬೀರುವಿನ ಪಕ್ಕದ ಸಂದಿಗೆ. ಎಲ್ಲಿ ಹೋಯಿತು ಅಂತ ಅದಕ್ಕೆ ಗೊತ್ತಾಗಲಿಲ್ಲ. ಕೂತು ನನ್ನ ಮುಖ ನೋಡಿತು. ನಾನು ಬೆರಳು ಚಾಚಿದೆ. ಒಂದು ಕ್ಷಣ ಬೆರಳನ್ನು ನೋಡಿ, ಎದ್ದು, ನಿಧಾನವಾಗಿ ಸಂದಿಯ ಕಡೆ ನಡೆಯಿತು.